ಬಾದ್‌ಶಾ ಖಾನ್: ಬಂದೂಕಿನ ನಾಡಿನಲ್ಲಿ ಶಾಲೆ ತೆರೆದವರು



ಗಡಿನಾಡು ಎಂದ ಕೂಡಲೇ ಕನ್ನಡಿಗರಾದ ನಮಗೆ ಕಾಸರಗೋಡೋ ಬೆಳಗಾವಿಯೋ ನೆನಪಾಗುತ್ತದೆ. ನಮ್ಮ ಶಾಲಾ ಪುಸ್ತಕಗಳಲ್ಲಿ ಗಡಿನಾಡ ಗಾಂಧಿ ಎಂದು ಒಂದೇ ಸಾಲಿನಲ್ಲಿ ಬಂದುಹೋಗುವ ಖಾನ್ ಅಬ್ದುಲ್ ಗಫಾರ್ ಖಾನರ ಗಡಿನಾಡು ಬೇರೆ. ಅದು ಅವಿಭಜಿತ ಭಾರತದ ವಾಯವ್ಯ ತುದಿ, ಪೆಶಾವರದ ಸುತ್ತಲಿನ ಪಠಾಣರ ಸೀಮೆ. ಅವರ ಜನ ಅವರನ್ನು ಪ್ರೀತಿಯಿಂದ ಬಾದ್‌ಶಾ ಖಾನ್ ಎಂದು, ಪಶ್ತೂ ಉಚ್ಚಾರದಲ್ಲಿ ಬಾಚಾ ಖಾನ್ ಎಂದು ಕರೆದರು. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯಾಗಿ ಅವರನ್ನು ಓದಿ ಮರೆತಿರುವ ವಿದ್ಯಾರ್ಥಿಗಳೇ, ನಿಮಗಾಗಿ ಈ ಲೇಖನ. ಒಂದು ಶಿಕ್ಷಣ ಸಂಸ್ಥೆಯ ಸದಸ್ಯರಾಗಿ ಚಂದಾ ಎತ್ತಿ, ಕಟ್ಟಡ ಕಟ್ಟಿ, ಮಕ್ಕಳನ್ನು ಶಾಲೆಗೆ ಕರೆತರಲು ಮನೆಮನೆ ಸುತ್ತಿದ ಹಿರಿಯರೇ, ನಿಮಗೂ ಇದರಲ್ಲಿ ಪರಿಚಿತವಾದ ಕೆಲವು ಸಂಗತಿಗಳು ಸಿಗಬಹುದು.

ಅವರು ಹುಟ್ಟಿದ್ದು 1890ರಲ್ಲಿ, ಚಾರ್‌ಸದ್ದಾ ಬಳಿಯ ಉತ್ಮಾನ್‌ಝೈ ಗ್ರಾಮದಲ್ಲಿ. ತಂದೆ ಬೆಹ್ರಾಮ್ ಖಾನ್ ಊರಿನ ದೊಡ್ಡ ಜಮೀನುದಾರರು. ಪಠಾಣರ ನಾಡಿನಲ್ಲಿ ದೊಡ್ಡ ಜಮೀನುದಾರನೆಂದರೆ ದೊಡ್ಡ ಹಗೆಯೂ ಇರಲೇಬೇಕು. ಅಲ್ಲಿನ ಪಾರಂಪರಿಕ ಸಂಹಿತೆಯಲ್ಲಿ ಅತಿಥಿ ಸತ್ಕಾರ, ಶರಣಾದವನಿಗೆ ಆಶ್ರಯ ಎಂಬ ಉದಾತ್ತ ನಿಯಮಗಳ ಜೊತೆಗೆ ಬದಲ್ ಎಂಬುದೊಂದಿತ್ತು. ಬದಲ್ ಎಂದರೆ ಸೇಡು. ಅಜ್ಜನ ಕೊಲೆಗೆ ಮೊಮ್ಮಗ ಉತ್ತರ ಕೊಡಬೇಕು, ಅದಕ್ಕೆ ಎದುರು ಮನೆಯ ಮೊಮ್ಮಗ ಮತ್ತೆ ಉತ್ತರ ಕೊಡಬೇಕು. ಹೊಲಕ್ಕೆ ನೀರು ಹಾಯಿಸಲು ಹೋಗುವವನ ಹೆಗಲ ಮೇಲೂ ಬಂದೂಕು. ಇಂತಹ ಕಡೆ ಬೆಹ್ರಾಮ್ ಖಾನ್ ತನ್ನ ಎಲ್ಲ ವೈರಿಗಳನ್ನು ಕ್ಷಮಿಸಿ, ಹಗೆಯಿಲ್ಲದ ಖಾನ್ ಎಂದು ಹೆಸರಾಗಿದ್ದರು. ಮಗನ ಮೇಲೆ ಮೊದಲ ಪ್ರಭಾವ ಮನೆಯದೇ ಎಂಬುದನ್ನು ನಾವು ಗಮನಿಸಬೇಕು. ಅವರನ್ನು ಗಾಂಧೀಜಿಯ ಶಿಷ್ಯರೆಂದಷ್ಟೇ ತಿಳಿಯುವವರು ಈ ತಂದೆಯನ್ನು ಮರೆಯುತ್ತಾರೆ.

ಪೆಶಾವರದ ಎಡ್ವರ್ಡ್ಸ್ ಮಿಷನ್ ಶಾಲೆಯಲ್ಲಿ ಓದಿದ ಯುವಕ ಗಫಾರ್ ಖಾನರಿಗೆ ಬ್ರಿಟಿಷರ ಪ್ರತಿಷ್ಠಿತ ಗೈಡ್ಸ್ ಪಡೆಯಲ್ಲಿ ಅಧಿಕಾರಿಯ ಹುದ್ದೆ ಕೈಗೆ ಬಂದಿತ್ತು. ಅದೇ ಪಡೆಯಲ್ಲಿದ್ದ ತನ್ನ ಗೆಳೆಯನೊಬ್ಬನನ್ನು ಆಂಗ್ಲ ಅಧಿಕಾರಿಯೊಬ್ಬ ಎಲ್ಲರೆದುರು ಹೀನಾಯವಾಗಿ ಬೈದದ್ದನ್ನು ಕಂಡು ಆ ಹುದ್ದೆಯನ್ನು ಬಿಟ್ಟರು. ಕೆಲಕಾಲ ಅಲಿಗಢದಲ್ಲಿ ಓದಿದರು. ಅಣ್ಣ ಅಬ್ದುಲ್ ಜಬ್ಬಾರ್ ಖಾನ್ ಆಗಲೇ ವೈದ್ಯಕೀಯ ಓದಲು ಲಂಡನ್ನಿಗೆ ಹೋಗಿದ್ದರು. ಮುಂದೆ ಡಾಕ್ಟರ್ ಖಾನ್ ಸಾಹೇಬ್ ಎಂದು ಹೆಸರಾದವರು ಅವರೇ. ತಮ್ಮನಿಗೂ ಇಂಗ್ಲೆಂಡಿಗೆ ಹೋಗುವ ಅವಕಾಶ ಬಂತು. ತಾಯಿ ಒಪ್ಪಲಿಲ್ಲ. ಒಬ್ಬ ಮಗ ಕಡಲಾಚೆ ಹೋದದ್ದೇ ಸಾಕೆಂದು ಆ ತಾಯಿ ಅತ್ತರು, ಮಗ ಊರಿನಲ್ಲೇ ಉಳಿದರು.

ಹಾಗೆ ಊರಿನಲ್ಲಿ ಉಳಿದ ಇಪ್ಪತ್ತರ ಹರೆಯದ ಯುವಕ 1910ರಲ್ಲಿ ಹಾಜಿ ಸಾಹೇಬ್ ತುರಂಗ್‌ಝೈ ಎಂಬ ಹಿರಿಯ ಧಾರ್ಮಿಕ ನಾಯಕರ ಜೊತೆಗೂಡಿ ಉತ್ಮಾನ್‌ಝೈಯಲ್ಲಿ ಒಂದು ಶಾಲೆ ತೆರೆದರು. ಈ ಇಸವಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಗಾಂಧೀಜಿ ದಕ್ಷಿಣ ಆಫ್ರಿಕಾದಿಂದ ಭಾರತಕ್ಕೆ ಮರಳಿದ್ದು 1915ರಲ್ಲಿ. ಗಡಿನಾಡ ಗಾಂಧಿ ಎಂಬ ಬಿರುದು ಗೌರವದ್ದೇ ಆದರೂ, ಮೂಲ ಒಂದು, ನಕಲು ಇನ್ನೊಂದು ಎಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ. ನನ್ನ ಮಟ್ಟಿಗೆ ಅದು ಸರಿಯಲ್ಲ. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೆಡೆ ಕೂಡಿದವರು.

ಒಂದು ಶಾಲೆ ತೆರೆದರೆ ಸರಕಾರಕ್ಕೆ ಏನು ಕಷ್ಟ ಎಂದು ನೀವು ಕೇಳಬಹುದು. ಇದನ್ನು ಅರಿಯಬೇಕಾದರೆ ಆ ನಾಡನ್ನು ಆಳುತ್ತಿದ್ದ ಕಾನೂನನ್ನು ತಿಳಿಯಬೇಕು. ಬ್ರಿಟಿಷರಿಗೆ ಆ ಪ್ರಾಂತ್ಯ ಜನ ಬದುಕುವ ನಾಡಾಗಿರಲಿಲ್ಲ, ರಷ್ಯಾದ ಕಡೆಯಿಂದ ಬರಬಹುದಾದ ಅಪಾಯಕ್ಕೆ ಹಾಕಿದ ಒಂದು ಬಾಗಿಲಾಗಿತ್ತು. 1901ರಲ್ಲಿ ಅದನ್ನು ಪಂಜಾಬಿನಿಂದ ಬೇರ್ಪಡಿಸಿ ಪ್ರತ್ಯೇಕ ಪ್ರಾಂತ್ಯ ಮಾಡಿದರು. ಅದೇ ವರ್ಷ ಫ್ರಾಂಟಿಯರ್ ಕ್ರೈಮ್ಸ್ ರೆಗ್ಯುಲೇಶನ್ ಎಂಬ ಗಡಿ ಅಪರಾಧ ಕಾನೂನನ್ನು ಹೊಸ ರೂಪದಲ್ಲಿ ತಂದರು. ಅದರಂತೆ ಒಬ್ಬನ ತಪ್ಪಿಗೆ ಅವನ ಇಡೀ ಬುಡಕಟ್ಟನ್ನೋ ಹಳ್ಳಿಯನ್ನೋ ದಂಡಿಸಬಹುದಿತ್ತು. ಅಧಿಕಾರಿಯೇ ಆರಿಸಿದ ಹಿರಿಯರ ಜಿರ್ಗಾ ವಿಚಾರಣೆ ನಡೆಸುತ್ತಿತ್ತು. ವಕೀಲನಿಲ್ಲ, ಮೇಲ್ಮನವಿಯಿಲ್ಲ. ಅದರ 40ನೇ ಕಲಮಿನ ಪ್ರಕಾರ, ಅಪರಾಧವೇನೂ ಸಾಬೀತಾಗದಿದ್ದರೂ ಸನ್ನಡತೆಯ ಜಾಮೀನು ಕೇಳಿ, ಕೊಡದಿದ್ದರೆ ಮೂರು ವರ್ಷ ಜೈಲಿಗೆ ಹಾಕಬಹುದಿತ್ತು. 1919ರಲ್ಲಿ ಉಳಿದ ಪ್ರಾಂತ್ಯಗಳಿಗೆ ಕೊಟ್ಟ ಸುಧಾರಣೆ, ಶಾಸನಸಭೆಗಳು ಈ ನಾಡಿಗೆ ಸಿಕ್ಕಿದ್ದು 1932ರಲ್ಲಿ.

ಹೀಗೆ ಕಾನೂನು, ಕಂದಾಯ, ಅಜ್ಞಾನಗಳ ಮೂಲಕ ನಿತ್ಯವೂ ನಡೆಯುವ, ಹೊಡೆದವನ ಕೈ ಕಾಣದ ಹಿಂಸೆಗೆ ಇಂದು ವಿದ್ವಾಂಸರು ರಚನಾತ್ಮಕ ಹಿಂಸೆ ಎನ್ನುತ್ತಾರೆ. ನಾರ್ವೆಯ ಯೋಹಾನ್ ಗಾಲ್ಟುಂಗ್ 1969ರಲ್ಲಿ ಈ ವಿಚಾರವನ್ನು ವಿವರಿಸಿ ಬರೆದ ಮೇಲೆ ಆ ಪದ ಪ್ರಚಾರಕ್ಕೆ ಬಂತು. ಬಾದ್‌ಶಾ ಖಾನರಿಗೆ ಪದ ಗೊತ್ತಿರಲಿಲ್ಲ, ವಿಷಯ ಗೊತ್ತಿತ್ತು. ಪಠಾಣ ಪಠಾಣನನ್ನು ಕೊಲ್ಲುವುದಕ್ಕೂ, ಆ ಇಬ್ಬರನ್ನೂ ಆಳುವವರು ಅಕ್ಷರದಿಂದ ದೂರ ಇಟ್ಟಿರುವುದಕ್ಕೂ ಸಂಬಂಧವಿದೆ ಎಂದು ಅವರು ಕಂಡುಕೊಂಡಿದ್ದರು. ಸೇಡಿನ ಕೊಲೆಗಳು ನಡೆಯುತ್ತಿದ್ದಷ್ಟು ಕಾಲ ಆ ಕಾನೂನಿಗೆ ನೆಪ ಸಿಗುತ್ತಿತ್ತು. ಆದ್ದರಿಂದ ಅವರಿಗೆ ಶಾಲೆಯೇ ಮೊದಲ ಕೆಲಸವಾಯಿತು.

ವಿರೋಧ ಎರಡೂ ಕಡೆಯಿಂದ ಬಂತು. ಶಾಲೆಯಲ್ಲಿ ಓದುವವರಿಗೆ ಸ್ವರ್ಗವಿಲ್ಲವೆಂದು ಹಲವು ಮುಲ್ಲಾಗಳು ಜನರನ್ನು ಹೆದರಿಸಿದರು. ಸರಕಾರ ಮೊದಲ ಮಹಾಯುದ್ಧದ ಸಮಯದಲ್ಲಿ ಈ ಶಾಲೆಗಳನ್ನು ಮುಚ್ಚಿಸಿತು, ಹಾಜಿ ಸಾಹೇಬರು ಬುಡಕಟ್ಟು ಪ್ರದೇಶಕ್ಕೆ ತಪ್ಪಿಸಿಕೊಂಡು ಹೋದರು. ಗಫಾರ್ ಖಾನರು ಹಳ್ಳಿಯಿಂದ ಹಳ್ಳಿಗೆ ಕಾಲ್ನಡಿಗೆಯಲ್ಲಿ ತಿರುಗಿ, ಹುಜ್ರಾಗಳಲ್ಲಿ, ಅಂದರೆ ಊರ ಗಂಡಸರು ಕೂಡುವ ಚಾವಡಿಗಳಲ್ಲಿ, ಜನರೊಡನೆ ಕುಳಿತು ಮಾತನಾಡಿದರು. 1919ರಲ್ಲಿ ರೌಲತ್ ಕಾಯಿದೆಯ ವಿರುದ್ಧ ಸಭೆ ನಡೆಸಿದ್ದಕ್ಕೆ ಅವರನ್ನು ಬಂಧಿಸಿ ಕಾಲಿಗೆ ಬೇಡಿ ತೊಡಿಸಲಾಯಿತು. ಅವರದು ಎತ್ತರದ, ದೊಡ್ಡ ಮೈಕಟ್ಟು. ಆ ಗಾತ್ರದ ಬೇಡಿ ಜೈಲಿನಲ್ಲಿ ಇರಲಿಲ್ಲ. ಇದ್ದದ್ದನ್ನೇ ಬಿಗಿದು ತೊಡಿಸಿದಾಗ ಕಾಲಿನ ಗಂಟಿನಿಂದ ರಕ್ತ ಬಂತು. ಊರಿಗೆ ಸಾಮೂಹಿಕ ದಂಡ ಬಿತ್ತು.

1921ರ ಏಪ್ರಿಲ್‌ನಲ್ಲಿ ಉತ್ಮಾನ್‌ಝೈಯಲ್ಲಿ ಆಝಾದ್ ಶಾಲೆ ಆರಂಭವಾಯಿತು. ಇದನ್ನು ನಡೆಸಲು ಅವರು ಗೆಳೆಯರೊಡನೆ ಅಂಜುಮನ್-ಎ-ಇಸ್ಲಾಹುಲ್ ಅಫಾಘಿನಾ ಎಂಬ ಸಂಘವನ್ನು ಕಟ್ಟಿದರು. ನಮ್ಮಂತಹದೇ ಒಂದು ಅಂಜುಮನ್! ಆಗ ಪ್ರಾಂತ್ಯದ ಮುಖ್ಯ ಆಯುಕ್ತರು ಮಗನನ್ನು ನೇರವಾಗಿ ಮುಟ್ಟದೆ ತಂದೆಯನ್ನು ಕರೆಸಿದರು. ಉಳಿದವರೆಲ್ಲ ಸುಮ್ಮನೆ ಮನೆಯಲ್ಲಿರುವಾಗ ನಿಮ್ಮ ಮಗನಿಗೇಕೆ ಈ ಉಸಾಬರಿ ಎಂದು ಕೇಳಿದರು. ವೃದ್ಧ ಬೆಹ್ರಾಮ್ ಖಾನರು ಮನೆಗೆ ಬಂದು ಮಗನಿಗೆ ಅದನ್ನೇ ಹೇಳಿದರು. ಮಗ ವಾದಕ್ಕೆ ಇಳಿಯಲಿಲ್ಲ. ಊರಿನವರೆಲ್ಲ ನಮಾಝ್ ಬಿಟ್ಟರೆ ನಾನೂ ಬಿಡಬೇಕೇ ಎಂದಷ್ಟೇ ಕೇಳಿದರು. ಖಂಡಿತ ಇಲ್ಲ, ಅದು ಕಡ್ಡಾಯವಲ್ಲವೇ ಎಂದರು ತಂದೆ. ಜನರಿಗೆ ಅಕ್ಷರ ಕಲಿಸುವುದೂ ನನಗೆ ಅಷ್ಟೇ ಕಡ್ಡಾಯ ಎಂದರು ಮಗ. ಹಾಗಾದರೆ ಬಿಡಬೇಡ ಎಂದು ತಂದೆ ಒಪ್ಪಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆ 40ನೇ ಕಲಮಿನಡಿ ಮೂರು ವರ್ಷದ ಕಠಿಣ ಸಜೆಯಾಯಿತು. ಒಂಟಿ ಕೋಣೆ, ಬೀಸುವ ಕಲ್ಲು. ಅವರು ಜೈಲಿನಲ್ಲಿದ್ದಾಗಲೇ ತಾಯಿ ತೀರಿಕೊಂಡರು. ಶಾಲೆ ಮಾತ್ರ ನಡೆಯುತ್ತಲೇ ಇತ್ತು.

ಅವರ ಮನೆಯ ಬದುಕಿನ ಬಗ್ಗೆ ಎರಡು ಮಾತು ಸಾಕು. ಮೊದಲ ಪತ್ನಿ 1918ರ ಇನ್‌ಫ್ಲುಯೆಂಝಾ ಮಹಾಮಾರಿಯಲ್ಲಿ ತೀರಿಕೊಂಡರು. 1926ರಲ್ಲಿ ಹಜ್ ಮುಗಿಸಿ ಜೆರುಸಲೇಮಿಗೆ ಹೋಗಿದ್ದಾಗ ಎರಡನೆಯ ಪತ್ನಿ ಮೆಟ್ಟಿಲಿನಿಂದ ಬಿದ್ದು ಅಲ್ಲಿಯೇ ಮರಣ ಹೊಂದಿದರು. ಮೂವತ್ತಾರರ ಹರೆಯದ ಬಾದ್‌ಶಾ ಖಾನ್ ಮತ್ತೆ ಮದುವೆಯಾಗಲಿಲ್ಲ. 1928ರಲ್ಲಿ ಪಶ್ತೂ ಭಾಷೆಯಲ್ಲಿ ಪಖ್ತೂನ್ ಎಂಬ ಪತ್ರಿಕೆ ಆರಂಭಿಸಿದರು. ಅದರಲ್ಲಿ ಹೆಂಗಸರೂ ಬರೆದರು.

1929ರ ನವೆಂಬರ್‌ನಲ್ಲಿ ಅವರು ಕಟ್ಟಿದ ಸಂಘಟನೆಯೇ ಖುದಾಯಿ ಖಿದ್ಮತ್‌ಗಾರ್, ದೇವನ ಸೇವಕರು. ದೇವನಿಗೆ ಯಾರ ಸೇವೆಯೂ ಬೇಡ, ಅವನ ಸೃಷ್ಟಿಗಳ ಸೇವೆಯೇ ಅವನ ಸೇವೆ ಎಂಬುದು ಅವರ ವಿವರಣೆ. ಸೇರುವವನು ಅಲ್ಲಾಹನ ಹೆಸರಿನಲ್ಲಿ ಪ್ರತಿಜ್ಞೆ ಮಾಡಬೇಕಿತ್ತು. ಹಿಂಸೆ ಮಾಡುವುದಿಲ್ಲ, ಸೇಡು ತೀರಿಸುವುದಿಲ್ಲ, ತನ್ನನ್ನು ಪೀಡಿಸಿದವನನ್ನು ಕ್ಷಮಿಸುತ್ತೇನೆ, ದಿನಕ್ಕೆ ಎರಡು ಗಂಟೆಯಾದರೂ ಸಮಾಜದ ಕೆಲಸ ಮಾಡುತ್ತೇನೆ, ಅದಕ್ಕೆ ಪ್ರತಿಫಲ ಬಯಸುವುದಿಲ್ಲ ಎಂದು. ಬಿಳಿ ಬಟ್ಟೆ ಬೇಗ ಕೊಳೆಯಾಗುತ್ತದೆಂದು ಅದನ್ನು ಚರ್ಮ ಹದಮಾಡುವವರ ಕೆಂಪು ಬಣ್ಣದಲ್ಲಿ ಅದ್ದಿದರು. ಅದರಿಂದಲೇ ಕೆಂಪಂಗಿಯವರು ಎಂಬ ಹೆಸರು ಬಂತು. ಬ್ರಿಟಿಷ್ ಅಧಿಕಾರಿಗಳು ಆ ಬಣ್ಣ ನೋಡಿ ಇವರು ರಷ್ಯಾದ ಕಮ್ಯುನಿಸ್ಟರ ಕಡೆಯವರೆಂದು ಶಂಕಿಸಿದರು. ಅವರಲ್ಲಿ ಸೈನ್ಯದಂತೆ ದರ್ಜೆ, ಕವಾಯತು, ಡೋಲು ಎಲ್ಲ ಇತ್ತು. ಆಯುಧ ಮಾತ್ರ ಇರಲಿಲ್ಲ.

ಬಂದೂಕು ಕೆಳಗಿಡುವ ಈ ಪಾಠ ಪಠಾಣನ ಎದೆಗೆ ಹೇಗೆ ಇಳಿಯಿತು? ಅವರು ಹೊರಗಿನ ತತ್ವವನ್ನು ತಂದು ಹೇರಲಿಲ್ಲ. ಮಕ್ಕಾದ ಹದಿಮೂರು ವರ್ಷ ಪ್ರವಾದಿ ಮುಹಮ್ಮದ್(ಸ)ರು ಹಿಂಸೆ, ಬಹಿಷ್ಕಾರ, ಹಸಿವನ್ನು ಸಬ್ರ್‌ನಿಂದ ಎದುರಿಸಿದ್ದನ್ನು ನೆನಪಿಸಿದರು. ಸಬ್ರ್ ಎಂದರೆ ತಲೆತಗ್ಗಿಸಿ ಕೂರುವುದಲ್ಲ, ಸತ್ಯವನ್ನು ಬಿಡದೆ, ಕೈಯೆತ್ತದೆ ನಿಲ್ಲುವುದು. ಇದು ಹದಿನಾಲ್ಕು ಶತಮಾನದಿಂದ ನಮ್ಮ ಬಳಿಯೇ ಇದ್ದ ಅಸ್ತ್ರ, ನಾವು ಮರೆತಿದ್ದೆವು, ಅಷ್ಟೇ ಎಂಬುದು ಅವರ ವಾದ. ಜೊತೆಗೆ ಪಠಾಣನ ಸ್ವಾಭಿಮಾನವನ್ನು ಅವರು ಮುರಿಯಲಿಲ್ಲ. ಕೊಲ್ಲಲು ಬೇಕಾದ ಧೈರ್ಯಕ್ಕಿಂತ, ಕೊಲ್ಲದೆ ಸಾಯಲು ಬೇಕಾದ ಧೈರ್ಯ ದೊಡ್ಡದೆಂದು ಅವನ ಪೌರುಷಕ್ಕೇ ಸವಾಲು ಹಾಕಿದರು.

ಸವಾಲಿನ ದಿನ ಬೇಗನೆ ಬಂತು. 1930ರ ಏಪ್ರಿಲ್ 23. ಉಪ್ಪಿನ ಸತ್ಯಾಗ್ರಹದ ಕಾಲ. ಪೆಶಾವರಕ್ಕೆ ಹೊರಟಿದ್ದ ಬಾದ್‌ಶಾ ಖಾನರನ್ನು ದಾರಿಯಲ್ಲೇ ಬಂಧಿಸಿದರು. ಪೆಶಾವರದ ಇತರ ಮುಖಂಡರನ್ನೂ ಹಿಡಿದರು. ನಗರದ ಕಿಸ್ಸಾ ಖ್ವಾನಿ ಬಝಾರಿನಲ್ಲಿ, ಅಂದರೆ ಕಥೆ ಹೇಳುವವರ ಬೀದಿಯಲ್ಲಿ, ಜನ ಸೇರಿದರು. ಶಸ್ತ್ರಸಜ್ಜಿತ ವಾಹನಗಳು ಜನರ ನಡುವೆ ನುಗ್ಗಿದವು. ಗುಂಪಿನಲ್ಲಿದ್ದವರೆಲ್ಲ ಪ್ರತಿಜ್ಞೆ ಮಾಡಿದವರಲ್ಲ, ಒಂದು ವಾಹನಕ್ಕೆ ಬೆಂಕಿಯೂ ಬಿತ್ತು. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆಮೇಲೆ ನಡೆದ ಗುಂಡಿನ ಸುರಿಮಳೆಯಲ್ಲಿ ನಿರಾಯುಧ ಜನ ಒಬ್ಬರ ಹಿಂದೆ ಒಬ್ಬರು ಮುಂದೆ ಬಂದು ನಿಂತರು. ಸತ್ತವರು ಸುಮಾರು ಮೂವತ್ತು ಎಂದು ಸರಕಾರ ಹೇಳಿತು. ವಿಠ್ಠಲಭಾಯಿ ಪಟೇಲರ ನೇತೃತ್ವದ ಕಾಂಗ್ರೆಸ್ ವಿಚಾರಣಾ ಸಮಿತಿಯ ಎಣಿಕೆ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಅಂದು ಗಢವಾಲ್ ರೈಫಲ್ಸಿನ ಸೈನಿಕರಿಗೆ ಗುಂಡು ಹಾರಿಸಲು ಆಜ್ಞೆಯಾದಾಗ ಚಂದ್ರಸಿಂಗ್ ಗಢವಾಲಿ ಮತ್ತು ಸಂಗಡಿಗರು ನಿರಾಕರಿಸಿದರು. ಹಿಮಾಲಯದ ಆ ಹಿಂದೂ ಸೈನಿಕರು ಪಠಾಣ ಮುಸ್ಲಿಮರ ಮೇಲೆ ಗುಂಡು ಹಾರಿಸಲೊಲ್ಲದೆ ಸೈನಿಕ ನ್ಯಾಯಾಲಯದಿಂದ ದೀರ್ಘ ಸೆರೆವಾಸದ ಶಿಕ್ಷೆ ಪಡೆದರು. ಅಹಿಂಸೆ ಎದುರಾಳಿಯ ಕೈಯನ್ನು ಹೇಗೆ ತಡೆಯುತ್ತದೆ ಎಂದು ಕೇಳುವವರಿಗೆ ಈ ಘಟನೆಗಿಂತ ಬೇರೆ ಉತ್ತರ ನನಗೆ ತಿಳಿಯದು.

ಮುಂದಿನ ತಿಂಗಳುಗಳಲ್ಲಿ ಹಳ್ಳಿಗಳನ್ನು ಸುತ್ತುಗಟ್ಟಿ ಹೊಡೆದರು, ಬಟ್ಟೆ ಕಿತ್ತು ಅವಮಾನಿಸಿದರು, ಧಾನ್ಯ ಹಾಳು ಮಾಡಿದರು. ಒಂದು ತಲೆಮಾರಿನ ಹಿಂದಾಗಿದ್ದರೆ ಇದರಲ್ಲಿ ಯಾವುದೇ ಒಂದಕ್ಕೆ ಹತ್ತು ಹೆಣ ಬೀಳುತ್ತಿತ್ತು. ಈಗ ಬೀಳಲಿಲ್ಲ. ಕೆಂಪಂಗಿಯವರ ಸಂಖ್ಯೆ ಹತ್ತಾರು ಸಾವಿರಕ್ಕೆ ಏರಿತು. ಬಾದ್‌ಶಾ ಖಾನರು ಆಗ ಪಂಜಾಬಿನ ಗುಜ್ರಾತ್ ಎಂಬ ಊರಿನ ಜೈಲಿನಲ್ಲಿದ್ದರು. ಇದು ನಮ್ಮ ಗುಜರಾತ್ ರಾಜ್ಯವಲ್ಲ. ಅಲ್ಲಿ ಹಿಂದೂ, ಸಿಖ್ ಕೈದಿಗಳೊಡನೆ ಕುಳಿತು ಅವರು ಗೀತೆ ಮತ್ತು ಗ್ರಂಥ ಸಾಹೇಬ್ ಓದಿದರು, ಅವರಿಗೆ ಕುರ್‌ಆನ್ ತಿಳಿಸಿದರು.

1934ರಲ್ಲಿ ಬಿಡುಗಡೆಯಾದರೂ ತವರು ಪ್ರಾಂತ್ಯಕ್ಕೆ ಕಾಲಿಡದಂತೆ ಆಜ್ಞೆಯಿತ್ತು. ವಾರ್ಧಾದಲ್ಲಿ ಗಾಂಧೀಜಿಯ ಜೊತೆ ಉಳಿದರು. 1937ರಲ್ಲಿ ಅಣ್ಣ ಡಾಕ್ಟರ್ ಖಾನ್ ಸಾಹೇಬ್ ಪ್ರಾಂತ್ಯದ ಸರಕಾರ ರಚಿಸಿದರು, 1938ರಲ್ಲಿ ಗಾಂಧೀಜಿ ಗಡಿನಾಡಿನಲ್ಲಿ ಪ್ರವಾಸ ಮಾಡಿದರು. 1940ರಲ್ಲಿ ಕಾಂಗ್ರೆಸ್ ಷರತ್ತಿನ ಮೇಲೆ ಯುದ್ಧಕ್ಕೆ ಸಹಕರಿಸಲು ಮುಂದಾದಾಗ ಬಾದ್‌ಶಾ ಖಾನರು ಅದರ ಕಾರ್ಯಸಮಿತಿಗೆ ರಾಜೀನಾಮೆ ಕೊಟ್ಟರು. ಪಕ್ಷಕ್ಕೆ ಅಹಿಂಸೆ ಒಂದು ನೀತಿಯಾಗಿತ್ತು, ಇವರಿಗೆ ಅದು ಅಲ್ಲಾಹನ ಹೆಸರಿನಲ್ಲಿ ಮಾಡಿದ ಪ್ರತಿಜ್ಞೆ.

1946ರ ಕೊನೆಯಲ್ಲಿ ಬಿಹಾರದಲ್ಲಿ ಮುಸ್ಲಿಮರ ಹತ್ಯೆಯಾಯಿತು. ಮರುವರ್ಷ ಗಾಂಧೀಜಿಯೊಡನೆ ಅವರು ಸುಟ್ಟ ಹಳ್ಳಿಗಳಲ್ಲಿ ತಿರುಗಿ ನಿರಾಶ್ರಿತರನ್ನು ಸಂತೈಸಿದರು. ಅತ್ತ ಪೆಶಾವರದಲ್ಲಿ ಹಿಂದೂ ಸಿಖ್ಖರ ಮನೆಗಳಿಗೆ ಕೆಂಪಂಗಿಯವರು ಕಾವಲು ನಿಂತರು. ದೇಶ ವಿಭಜನೆಯನ್ನು ಅವರು ಒಪ್ಪಲಿಲ್ಲ. ಅವರು ನಂಬಿದ ಕಾಂಗ್ರೆಸ್ ಅದನ್ನು 1947ರ ಜೂನ್‌ನಲ್ಲಿ ಒಪ್ಪಿತು. ತಮ್ಮನ್ನು ನಡುನೀರಿನಲ್ಲಿ ಕೈಬಿಟ್ಟರೆಂಬ ನೋವು ಅವರನ್ನು ಕಡೆಯವರೆಗೂ ಬಿಡಲಿಲ್ಲ. ಜುಲೈಯಲ್ಲಿ ನಡೆದ ಜನಮತಗಣನೆಯನ್ನು ಅವರು ಬಹಿಷ್ಕರಿಸಿದರು, ಪ್ರಾಂತ್ಯ ಪಾಕಿಸ್ತಾನಕ್ಕೆ ಸೇರಿತು. ಅವರ ರಾಜಕೀಯ ತೀರ್ಮಾನಗಳ ಬಗ್ಗೆ ನಮ್ಮಲ್ಲಿ ಭಿನ್ನ ಅಭಿಪ್ರಾಯ ಇರಬಹುದು, ಬಹಿಷ್ಕಾರ ಮಾಡದೆ ಜನರ ಮುಂದೆ ಹೋಗಬೇಕಿತ್ತು ಎನ್ನುವವರೂ ಇದ್ದಾರೆ. ಆದರೆ ಗಣನೆ ಮುಗಿದ ಮೇಲೆ ಅವರು ನಡೆದುಕೊಂಡ ರೀತಿಯನ್ನು ನೋಡಿ. 1948ರ ಫೆಬ್ರವರಿಯಲ್ಲಿ ಪಾಕಿಸ್ತಾನದ ಸಂವಿಧಾನ ಸಭೆಯಲ್ಲಿ ಹೊಸ ದೇಶಕ್ಕೆ ನಿಷ್ಠೆಯ ಪ್ರಮಾಣ ಮಾಡಿದರು.

ಜೂನ್‌ನಲ್ಲಿ ಅವರನ್ನು ಬಂಧಿಸಿದರು. ಮೂರು ವರ್ಷ ಸಜೆ. ಯಾವ ಕಾನೂನಿನಡಿ ಎಂದು ಊಹಿಸಬಲ್ಲಿರಾ? ಅದೇ ಗಡಿ ಅಪರಾಧ ಕಾನೂನು, ಅದೇ 40ನೇ ಕಲಮು. ಬ್ರಿಟಿಷರು ಹೋಗಿದ್ದರು, ಅವರು ಮಾಡಿದ ಬೀಗ ಉಳಿದಿತ್ತು, ಬೀಗದ ಕೈ ನಮ್ಮವರದೇ ಕೈಗೆ ಬಂದಿತ್ತು. 1948ರ ಆಗಸ್ಟ್ 12ರಂದು ಚಾರ್‌ಸದ್ದಾ ಬಳಿಯ ಬಾಬ್ರಾದಲ್ಲಿ, ಬಂಧನಗಳನ್ನು ವಿರೋಧಿಸಿ ಸೇರಿದ್ದ ಕೆಂಪಂಗಿಯವರ ಮೇಲೆ ಸ್ವತಂತ್ರ ದೇಶದ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರಕಾರದ ಲೆಕ್ಕಕ್ಕೂ ಚಳವಳಿಯ ಲೆಕ್ಕಕ್ಕೂ ಅಜಗಜಾಂತರವಿದೆ. ಸಂಘಟನೆಯನ್ನು ನಿಷೇಧಿಸಲಾಯಿತು. ಮೂರು ವರ್ಷದ ಶಿಕ್ಷೆ ಮುಗಿದರೂ ಬಿಡದೆ 1954ರವರೆಗೆ ಒಳಗಿಟ್ಟರು. ಅಣ್ಣ ಡಾಕ್ಟರ್ ಖಾನ್ ಸಾಹೇಬ್ 1955ರಲ್ಲಿ ಪಶ್ಚಿಮ ಪಾಕಿಸ್ತಾನದ ಮುಖ್ಯಮಂತ್ರಿಯಾದರು. ಪ್ರಾಂತ್ಯಗಳನ್ನೆಲ್ಲ ಒಂದುಗೂಡಿಸುವ ಆ ಯೋಜನೆಯನ್ನು ತಮ್ಮ ಬಲವಾಗಿ ವಿರೋಧಿಸಿ ಮತ್ತೆ ಸೆರೆಗೆ ಹೋದರು. 1958ರಲ್ಲಿ ಲಾಹೋರಿನಲ್ಲಿ ಅಣ್ಣನನ್ನು ಒಬ್ಬಾತ ಚೂರಿಯಿಂದ ಇರಿದು ಕೊಂದ. ಬದಲ್‌ನ ನಾಡಿನಲ್ಲಿ ಹುಟ್ಟಿದ ತಮ್ಮ ಸೇಡಿನ ಮಾತಾಡಲಿಲ್ಲ.

ಬ್ರಿಟಿಷರ ಕಾಲ, ಪಾಕಿಸ್ತಾನದ ಕಾಲ ಎರಡನ್ನೂ ಕೂಡಿಸಿದರೆ ಅವರ ಜೈಲುವಾಸ ಸುಮಾರು ಮೂರು ದಶಕ. 1962ರಲ್ಲಿ ಆಮ್ನೆಸ್ಟಿ ಸಂಸ್ಥೆ ಅವರನ್ನು ವರ್ಷದ ಕೈದಿ ಎಂದು ಹೆಸರಿಸಿ ಜಗತ್ತಿನ ಗಮನ ಸೆಳೆಯಿತು. 1964ರಲ್ಲಿ ಚಿಕಿತ್ಸೆಗೆಂದು ಬಿಡುಗಡೆಯಾಗಿ, ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಅಫ್ಘಾನಿಸ್ತಾನ ಸೇರಿದರು.

1969ರಲ್ಲಿ ಗಾಂಧಿ ಶತಮಾನೋತ್ಸವಕ್ಕೆ ಅವರು ಭಾರತಕ್ಕೆ ಬಂದರು. ಸುಮಾರು ಎಂಭತ್ತರ ಪ್ರಾಯ, ಕೈಯಲ್ಲಿ ಒಂದು ಬಟ್ಟೆಯ ಗಂಟು. ವಿಮಾನ ನಿಲ್ದಾಣದಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಕೇಳಿದರೂ ಅದನ್ನು ಕೊಡಲಿಲ್ಲ. ಹಿಂದಿನ ತಿಂಗಳಷ್ಟೇ ಅಹಮದಾಬಾದಿನಲ್ಲಿ ಭೀಕರ ಕೋಮುಗಲಭೆ ನಡೆದಿತ್ತು. ಸನ್ಮಾನಕ್ಕೆ ಬಂದ ಅತಿಥಿ ಮೂರು ದಿನ ಉಪವಾಸ ಕೂತರು. ಗುಜರಾತಿಗೆ ಹೋಗಿ ನೊಂದವರ ನಡುವೆ ತಿರುಗಿದರು. ಸಂಸತ್ತಿನಲ್ಲಿ ಮಾತನಾಡುವಾಗ ಹೊಗಳಿಕೆಗೆ ಹೊಗಳಿಕೆ ಮರಳಿಸದೆ, ನೀವು ಗಾಂಧಿಯನ್ನು ಮರೆತಿದ್ದೀರಿ ಎಂಬ ಅರ್ಥದ ಮಾತುಗಳನ್ನು ಮುಖಕ್ಕೇ ಹೇಳಿದರು. ಪಾಕಿಸ್ತಾನದ ಆಳುವವರಿಗೆ ಅವರು ಭಾರತದ ಏಜೆಂಟರಾಗಿದ್ದರು. ಭಾರತದ ಆಳುವವರಿಗೂ ಅವರ ಮಾತು ಸುಲಭದ ತುತ್ತಾಗಿರಲಿಲ್ಲ. 1987ರಲ್ಲಿ ಭಾರತ ಅವರಿಗೆ ಭಾರತ ರತ್ನ ನೀಡಿತು.

1988ರ ಜನವರಿ 20ರಂದು ಪೆಶಾವರದಲ್ಲಿ ಅವರು ತೀರಿಕೊಂಡರು. ತಮ್ಮನ್ನು ಅಫ್ಘಾನಿಸ್ತಾನದ ಜಲಾಲಾಬಾದಿನಲ್ಲಿ ದಫನ ಮಾಡಬೇಕೆಂಬುದು ಅವರ ಇಚ್ಛೆ. ಅಲ್ಲಿ ಆಗ ಸೋವಿಯತ್ ಸೈನ್ಯಕ್ಕೂ ಮುಜಾಹಿದರಿಗೂ ಯುದ್ಧ. ಸಾವಿರಾರು ಜನ ಖೈಬರ್ ಕಣಿವೆ ದಾಟಿ ಜನಾಝಾದ ಜೊತೆ ಹೋದರು. ಅವರಿಗಾಗಿ ಎರಡೂ ಕಡೆಯವರು ಬಂದೂಕು ನಿಲ್ಲಿಸಿದರು. ಆದರೂ ಅಲ್ಲಿ ಬಾಂಬು ಸಿಡಿದು ಹಲವರು ಪ್ರಾಣ ಕಳೆದುಕೊಂಡರು.

ಆ ಗಡಿ ಅಪರಾಧ ಕಾನೂನು ಬುಡಕಟ್ಟು ಪ್ರದೇಶಗಳಲ್ಲಿ ಅವರ ಮರಣಾನಂತರವೂ ಮೂವತ್ತು ವರ್ಷ ಬದುಕಿತ್ತು. 2018ರಲ್ಲಿ ಪಾಕಿಸ್ತಾನ ಆ ಪ್ರದೇಶಗಳನ್ನು ಖೈಬರ್ ಪಖ್ತೂನ್‌ಖ್ವಾ ಪ್ರಾಂತ್ಯಕ್ಕೆ ಸೇರಿಸಿದಾಗ ಅದು ಕೊನೆಗೊಂಡಿತು.

ಅವರು ಮೊದಲ ಶಾಲೆ ತೆರೆದ ಉತ್ಮಾನ್‌ಝೈಯ ಸಮೀಪ, ಚಾರ್‌ಸದ್ದಾದಲ್ಲಿ, 2012ರಲ್ಲಿ ಬಾಚಾ ಖಾನ್ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 2016ರ ಜನವರಿ 20, ಅವರ ಪುಣ್ಯತಿಥಿಯಂದು ಅಲ್ಲಿ ಅವರ ನೆನಪಿಗೆ ಮುಶಾಯಿರಾ ಏರ್ಪಾಟಾಗಿತ್ತು. ಬೆಳಗಿನ ಮಂಜಿನಲ್ಲಿ ಬಂದೂಕುಧಾರಿಗಳು ಹಿಂದಿನ ಗೋಡೆ ಹಾರಿ ಒಳಗೆ ಬಂದರು. ವಿದ್ಯಾರ್ಥಿಗಳು, ಒಬ್ಬ ಉಪನ್ಯಾಸಕರು ಸೇರಿದಂತೆ ಸುಮಾರು ಇಪ್ಪತ್ತು ಮಂದಿ ಸತ್ತರು. ಕೆಲವೇ ವಾರಗಳಲ್ಲಿ ವಿಶ್ವವಿದ್ಯಾಲಯ ಮತ್ತೆ ತೆರೆಯಿತು, ಮಕ್ಕಳು ಪುಸ್ತಕ ಹಿಡಿದು ತರಗತಿಗೆ ಬಂದು ಕುಳಿತರು.